ಸೆಸ್ಸು ದಿಲ್ಲಿಗೆ, ತೆಗ್ಗು ಹಳ್ಳಿಗೆ

ಸವದತ್ತಿ ತಾಲೂಕಿನ ಚಚಡಿಯ ರೈತನೊಬ್ಬ ತನ್ನ ಟ್ರ್ಯಾಕ್ಟರಿಗೆ 40 ಲೀಟರ್ ಡೀಜೆಲ್ ಹಾಕಿಸಿದನೆನ್ನಿ. 2018ರ ಫೆಬ್ರುವರಿಯ ದರ ಹಿಡಿದರೆ ಅದರಲ್ಲಿ 320 ರೂಪಾಯಿ ಬರೀ ರಸ್ತೆಯ ಹೆಸರಿನ ಸೆಸ್ಸು. ಟ್ರ್ಯಾಕ್ಟರ್ ಅವತ್ತು ರಸ್ತೆಗೆ ಇಳಿಯಲಿ, ಹೊಲದಲ್ಲೇ ಉಳಲಿ, ರಸ್ತೆಯ ರೊಕ್ಕವಂತೂ ಕೊಟ್ಟಾಯಿತು. ಹೀಗಿರುವಾಗ "ರೊಕ್ಕ ನಾವ್ ಕೊಟ್ಟೇವಿ, ರಸ್ತೆ ಎಲ್ಲೈತ್ರಿ?" ಎಂದು ಆತ ಕೇಳಿದರೆ ತಪ್ಪೇನು? ತಪ್ಪಿಲ್ಲ. ಆದರೆ ಆತ ಕೇಳುವುದು ಗ್ರಾಮ ಪಂಚಾಯತಿಯ ಮೆಂಬರನ್ನು. ಮೆಂಬರ್ ಪಾಪ ಏನು ಹೇಳ್ಯಾನು? ಉತ್ತರದ ದೊಡ್ಡ ಪಾಲು ಇರುವುದು ಲೋಕಸಭೆಯಲ್ಲಿ 2018ರ ಮಾರ್ಚ್ 14ರಂದು ನಡೆದ, ಅಥವಾ ನಡೆಯದೇ ಹೋದ, ಒಂದು ಚರ್ಚೆಯಲ್ಲಿ.

ಆ ವರ್ಷದ ಬಜೆಟ್ ಅಧಿವೇಶನ ಗದ್ದಲದಲ್ಲೇ ಕಳೆಯಿತು. ಆಂಧ್ರದವರು ವಿಶೇಷ ಸ್ಥಾನಮಾನ ಕೇಳಿ ಎದ್ದು ನಿಂತರು. ತಮಿಳುನಾಡಿನವರು ಕಾವೇರಿ ಮಂಡಳಿ ಬೇಕೆಂದು ಫಲಕ ಹಿಡಿದರು. ಕಾಂಗ್ರೆಸ್ಸಿನವರಿಗೆ ಪಂಜಾಬ್ ನ್ಯಾಷನಲ್ ಬ್ಯಾಂಕಿನ ವಂಚನೆ ಬೇಕಾಗಿತ್ತು. ಕೊನೆಗೆ ಸರಕಾರ ಗಿಲೊಟಿನ್ ಹಾಕಿತು. ಗಿಲೊಟಿನ್ ಅಂದ್ರೆ, ಚರ್ಚೆಯಾಗದೆ ಉಳಿದ ಎಲ್ಲ ಇಲಾಖೆಗಳ ಅನುದಾನ ಬೇಡಿಕೆಗಳನ್ನು ಒಂದೇ ಮೂಟೆ ಕಟ್ಟಿ ಮತಕ್ಕೆ ಹಾಕುವುದು. ಹಣಕಾಸು ವಿಧೇಯಕವೂ ಅದೇ ದಿನ, ಅದೇ ಗದ್ದಲದಲ್ಲಿ, ಚರ್ಚೆಯಿಲ್ಲದೆ ಪಾಸಾಯಿತು. ಆ ವಿಧೇಯಕದ ಹೊಟ್ಟೆಯೊಳಗೆ ಕೇಂದ್ರ ರಸ್ತೆ ನಿಧಿ ಕಾಯ್ದೆಯ ತಿದ್ದುಪಡಿ ಕುಳಿತಿತ್ತು. ಹೊಗಲಿ ಬಿಡಿ ಅನ್ನುವಂತಹ ಸಣ್ಣ ತಿದ್ದುಪಡಿ ಅದಲ್ಲ.

ಈ ನಿಧಿಗೆ ಹಳೆಯ ಚರಿತ್ರೆಯಿದೆ. ಮೋಟಾರುಗಳು ಹೆಚ್ಚಿದಾಗ ಪ್ರಾಂತಗಳ ಕೈಯಲ್ಲಿ ರಸ್ತೆ ನಿಭಾಯಿಸುವುದು ಆಗದೆಂದು 1927ರಲ್ಲಿ ಮುಂಬೈಯ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಅದರ ಸಲಹೆಯಂತೆ 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ 2 ಆಣೆ ಹೆಚ್ಚಿನ ಸುಂಕ ಹಾಕಿ ರಸ್ತೆ ನಿಧಿ ಮಾಡಿದರು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಇಲಾಖೆಯಲ್ಲಿತ್ತು. ಪ್ರಾಂತಗಳಿಗೆ ಪಾಲು ಸಿಗುತ್ತಿದ್ದುದು ಅಲ್ಲಲ್ಲಿ ಖರ್ಚಾದ ಪೆಟ್ರೋಲಿನ ಲೆಕ್ಕದ ಮೇಲೆ. ಕೊಟ್ಟವನಿಗೆ ಕೊಟ್ಟಷ್ಟಕ್ಕೆ ತಕ್ಕ ಪಾಲು, ಇದು ಆ ಕಾಲದ ಲೆಕ್ಕ.

2000ದ ಡಿಸೆಂಬರಿನಲ್ಲಿ ಈ ನಿಧಿಗೆ ಕಾಯ್ದೆಯ ಬಲ ಬಂತು. ಡೀಜೆಲ್ ಸೆಸ್ಸಿನಲ್ಲಿ ಅರ್ಧಕ್ಕರ್ಧ ಹಳ್ಳಿ ರಸ್ತೆಗೆ ಎಂದು ಕಾಯ್ದೆಯಲ್ಲೇ ಬರೆದರು. ಅದೇ ತಿಂಗಳ 25ರಂದು ವಾಜಪೇಯಿ ಸರಕಾರ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭಿಸಿತು. ಬಯಲುಸೀಮೆಯಲ್ಲಿ 500ಕ್ಕಿಂತ ಹೆಚ್ಚು ಜನರಿರುವ ಊರಿಗೆಲ್ಲ ಸರ್ವಋತು ರಸ್ತೆ ಎಂಬುದು ಅದರ ಮಾತು. ನಡುವೆ ಹಂಚಿಕೆಯ ಪ್ರಮಾಣ ಬದಲಾಯಿತೆಂಬುದು ಖರೆ. ಆದರೂ ಹಳ್ಳಿಗೆ ಇಷ್ಟು ಎಂಬ ಅಂಕಿ ಕಾನೂನಿನೊಳಗೇ ಇತ್ತು.

2018ರಲ್ಲಿ ತೆಗೆದದ್ದು ಇದನ್ನೇ. ನಿಧಿಯ ಹೆಸರು ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ ಎಂದಾಯಿತು. ರಸ್ತೆಯ ಜೊತೆಗೆ ಜಲಮಾರ್ಗ ಮತ್ತಿತರ ಮೂಲಸೌಕರ್ಯಗಳೂ ಪಂಕ್ತಿಗೆ ಕುಳಿತವು. ಯಾರ ಎಲೆಗೆ ಎಷ್ಟು ಬಡಿಸಬೇಕೆಂಬುದು ಹಣಕಾಸು ಮಂತ್ರಿ ಅಧ್ಯಕ್ಷರಾಗಿರುವ ಸಮಿತಿಗೆ ಬಿಟ್ಟದ್ದು. ಕಾಯ್ದೆ ಕೊಟ್ಟಿದ್ದ ಹಕ್ಕನ್ನು ಸಮಿತಿಯ ಮರ್ಜಿಗೆ ಒಪ್ಪಿಸಿದಂತಾಯಿತು. ಸಮಿತಿ ಹಳ್ಳಿಗೆ ಹೆಚ್ಚು ಕೊಡಲೂಬಹುದು, ಇಲ್ಲವೆನ್ನುವಂತಿಲ್ಲ. ಆದರೆ ಕಡಿಮೆ ಕೊಟ್ಟಾಗ ಕಾಯ್ದೆಯ ಪುಟ ತೋರಿಸಿ ಕೇಳುವ ದಾರಿ ಮುಚ್ಚಿತಲ್ಲ!

ಇದರೊಳಗೆ ಇನ್ನೊಂದು ಜಾಣತನವೂ ಇತ್ತು. ಅಲ್ಲಿಯವರೆಗೆ ಲೀಟರಿಗೆ 6 ರೂಪಾಯಿ ಇದ್ದ ರಸ್ತೆ ಸೆಸ್ಸನ್ನು ತೆಗೆದು 8 ರೂಪಾಯಿಯ ಹೊಸ ಸೆಸ್ಸು ಹಾಕಿದರು. ಅದೇ ಹೊತ್ತಿಗೆ ಮೂಲ ಅಬಕಾರಿ ಸುಂಕವನ್ನು 2 ರೂಪಾಯಿ ಇಳಿಸಿದರು. ಪಂಪಿನಲ್ಲಿ ದರ ಒಂದು ಪೈಸೆಯೂ ಏರಲಿಲ್ಲ, ಆದ್ದರಿಂದ ಯಾರೂ ಕೂಗಲೂ ಇಲ್ಲ. ಮೂಲ ಸುಂಕದಲ್ಲಿ ರಾಜ್ಯಗಳಿಗೆ ಪಾಲುಂಟು. 14ನೆಯ ಹಣಕಾಸು ಆಯೋಗದ ಲೆಕ್ಕದಲ್ಲಿ ಅದು ನೂರಕ್ಕೆ 42. ಸೆಸ್ಸಿನಲ್ಲಿ ಪಾಲಿಲ್ಲ. ಆ 2 ರೂಪಾಯಿ ಒಂದು ಚೀಲದಿಂದ ಇನ್ನೊಂದಕ್ಕೆ ಜಿಗಿದಾಗ ಎಲ್ಲ ರಾಜ್ಯಗಳೂ ಸೇರಿ ಲೀಟರಿಗೆ 84 ಪೈಸೆ ಕಳೆದುಕೊಂಡವು. ಅದರಲ್ಲಿ ಕರ್ನಾಟಕದ ಪಾಲು ನೂರಕ್ಕೆ 4.713, ಅಂದರೆ ಲೀಟರಿಗೆ ಸುಮಾರು 4 ಪೈಸೆ. 4 ಪೈಸೆ ಏನು ಮಹಾ ಅನ್ನಬಾರದು. ರಾಜ್ಯದ ಪಂಪುಗಳಷ್ಟೇ ಅಲ್ಲ, ದೇಶದಲ್ಲಿ ಖರ್ಚಾಗುವ ಪ್ರತಿ ಲೀಟರಿನ ಮೇಲಿನ 4 ಪೈಸೆ ಅದು.

ಇಷ್ಟಾದರೂ ವಸೂಲಾದದ್ದೆಲ್ಲ ನಿಧಿಗಳಿಗೆ ಸೇರಿತೇ? 2018-19ರ ಲೆಕ್ಕ ನೋಡಿದ ಮಹಾಲೇಖಪಾಲರು ಹೇಳಿದ್ದು ಬೇರೆ. ಬಗೆಬಗೆಯ 35 ಸೆಸ್ಸು, ಲೆವಿಗಳಿಂದ ಬಂದದ್ದು ಸುಮಾರು 2.74 ಲಕ್ಷ ಕೋಟಿ. ಆಯಾ ನಿಧಿಗಳಿಗೆ ಹೋದದ್ದು 1.64 ಲಕ್ಷ ಕೋಟಿ ಮಾತ್ರ. ಉಳಿದದ್ದು ಸರಕಾರದ ಸಂಚಿತ ನಿಧಿಯಲ್ಲೇ ತಂಗಿತು.

ದಿಲ್ಲಿಯನ್ನು ಬೈದು ಬೆಂಗಳೂರನ್ನು ಬಿಟ್ಟರೆ ನ್ಯಾಯವಾಗುವುದಿಲ್ಲ. ಸಂವಿಧಾನದ ಪ್ರಕಾರ ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು, ಉಳಿದ ರಸ್ತೆ ರಾಜ್ಯದ್ದು. ಕಿತ್ತೂರಿನ ಮಗ್ಗುಲಲ್ಲಿ ಹಾಯುವ ಪುಣೆ–ಬೆಂಗಳೂರು ಹೆದ್ದಾರಿಗೆ ದಿಲ್ಲಿ ಯಜಮಾನ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗೆ ಲೋಕೋಪಯೋಗಿ ಇಲಾಖೆ. ಹಳ್ಳಿಯ ರಸ್ತೆಗೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ಒಂದೇ ದಾರಿಯಲ್ಲಿ ಬೈಲಹೊಂಗಲದ ಪೇಟೆಗೆ ಹತ್ತಿ ಹೇರಿಕೊಂಡು ಹೋಗುವ ಗಾಡಿ ಎರಡು ಮೂರು ಯಜಮಾನರ ನೆಲ ದಾಟಬೇಕಾದೀತು. ತೆಗ್ಗಿಗೆ ಮಾತ್ರ ಯಜಮಾನರು ಸಿಗುವುದಿಲ್ಲ.

ರಾಜ್ಯದ ಬಜೆಟ್ಟಿನಲ್ಲಿ ರಸ್ತೆಗೆ ಎರಡು ಲೆಕ್ಕ ಶೀರ್ಷಿಕೆಗಳಿವೆ: 5054 ಮತ್ತು 3054. ಗುತ್ತಿಗೆದಾರರ ಬಾಯಲ್ಲಿ ಇವು ಮಕ್ಕಳ ಹೆಸರಿದ್ದಂತೆ. 5054 ಬಂಡವಾಳ ವೆಚ್ಚ, ಹೊಸ ರಸ್ತೆ ಮತ್ತು ಸೇತುವೆಗೆ. 3054 ನಿರ್ವಹಣೆಗೆ. 5054ರ ಕೆಲಸಕ್ಕೆ ಭೂಮಿಪೂಜೆ, ಶಾಲು, ಹಾರ, ಕಲ್ಲಿನ ಮೇಲೆ ಹೆಸರು. 3054ರಲ್ಲಿ ತೆಗ್ಗು ಮುಚ್ಚಿದವನಿಗೆ ಯಾರು ಹಾರ ಹಾಕುತ್ತಾರೆ? ಹೀಗಾಗಿ ಸದನದಲ್ಲಿ ಶಾಸಕರ ಬೇಡಿಕೆ ಹೊಸದಕ್ಕೇ ಹೆಚ್ಚು. ಈ ಭಾಗದ ಎರಿ ನೆಲವಂತೂ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿದು, ಮೇಲಿನ ಡಾಂಬರನ್ನು ತಾನೇ ಒಡೆಯುತ್ತದೆ. ಕೆಳಗೆ ಸಾಕಷ್ಟು ಗರಸು ಹಾಕದೆ, ನೀರು ಹರಿಯಲು ಪಕ್ಕದ ಗಟಾರ ತೋಡದೆ, ವರ್ಷ ವರ್ಷ ರಿಪೇರಿ ಮಾಡದೆ ಇಲ್ಲಿ ಯಾವ ರಸ್ತೆಯೂ ನಿಲ್ಲದು. ಕಬ್ಬಿನ ಟ್ರೇಲರುಗಳ ಭಾರ ಬೇರೆ.

2006ರಿಂದ ಬೆಳಗಾವಿಯಲ್ಲಿ ಅಧಿವೇಶನ, 2012ರಿಂದ ಸುವರ್ಣ ಸೌಧ. ಆದರೆ ಚಳಿಗಾಲದಲ್ಲಿ ಇಲ್ಲಿ ಕೂಡುವ ಸದನದ ಮುಂದೆ ಸಾಮಾನ್ಯವಾಗಿ ಬರುವುದು ಪೂರಕ ಅಂದಾಜು. ಮೂಲ ಬಜೆಟ್ಟಿನ ಊಟ ಬೆಂಗಳೂರಿನಲ್ಲೇ ಮುಗಿದಿರುತ್ತದೆ, ಇಲ್ಲಿ ಉಪ್ಪಿನಕಾಯಿ.

ಬಜೆಟ್ಟಿಗೂ ಕೆಲಸಕ್ಕೂ ತಾಳ ತಪ್ಪಿದರೆ ಏನಾಗುತ್ತದೆಂಬುದನ್ನು ಜಿಲ್ಲೆ ಕಂಡಿದೆ. ಬೆಳಗಾವಿ ಪಕ್ಕದ ಹಿಂಡಲಗಾದಲ್ಲಿ 2021ರಲ್ಲಿ ಜಾತ್ರೆಯ ಹೊತ್ತಿಗೆ ಸುಮಾರು 4 ಕೋಟಿ ರೂಪಾಯಿಯ ರಸ್ತೆ ಕೆಲಸ ಮಾಡಿದ್ದಾಗಿ ಗುತ್ತಿಗೆದಾರರೊಬ್ಬರು ಹೇಳಿದರು. ಕಾರ್ಯಾದೇಶವೇ ಇಲ್ಲವೆಂದಿತು ಸರಕಾರ. 2022ರ ಏಪ್ರಿಲಿನಲ್ಲಿ ಆ ಗುತ್ತಿಗೆದಾರರು ಉಡುಪಿಯ ಲಾಡ್ಜಿನಲ್ಲಿ ಶವವಾಗಿ ಸಿಕ್ಕರು. ಆಗಿನ ಗ್ರಾಮೀಣಾಭಿವೃದ್ಧಿ ಸಚಿವರು ರಾಜೀನಾಮೆ ಕೊಟ್ಟರು. ತನಿಖೆ ನಡೆಸಿದ ಪೊಲೀಸರು ಅವರ ವಿರುದ್ಧ ಪುರಾವೆ ಇಲ್ಲವೆಂದು ವರದಿ ಸಲ್ಲಿಸಿದರು. ರಾಜಕೀಯ ಏನೇ ಇರಲಿ, ಮಂಜೂರಾತಿಯ ಕಾಗದ ಹಿಂದೆ, ಖಡಿಯ ಟಿಪ್ಪರ್ ಮುಂದೆ ಎಂಬ ರೂಢಿ ಎಲ್ಲಿಯವರೆಗೆ ಬಂದಿದೆ ಎಂಬುದು ಅಂದು ಬಯಲಾಯಿತು.

ಗ್ರಾಮ ಸಡಕ್ ರಸ್ತೆಗೂ ಈಗ ಪೂರ್ತಿ ರೊಕ್ಕ ದಿಲ್ಲಿಯದಲ್ಲ. 2015-16ರಿಂದ ಕೇಂದ್ರ 60, ರಾಜ್ಯ 40. ಮಾಡಿದ ಗುತ್ತಿಗೆದಾರನೇ 5 ವರ್ಷ ನೋಡಿಕೊಳ್ಳಬೇಕೆಂಬುದು ಕರಾರು. ಆ 5 ವರ್ಷ ಮುಗಿದ ರಸ್ತೆಗಳ ಹೊಣೆ ರಾಜ್ಯದ ಮೇಲೆ, ಅಂದರೆ ಯಾರೂ ಹಾರ ಹಾಕದ ಆ ನಿರ್ವಹಣೆಯ ಲೆಕ್ಕಕ್ಕೇ ಬಂದು ಬೀಳುತ್ತದೆ.

ಸವದತ್ತಿ, ಬೈಲಹೊಂಗಲ, ರಾಮದುರ್ಗ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ ಸೇರಿದವು. ಕಿತ್ತೂರು ಉತ್ತರ ಕನ್ನಡಕ್ಕೆ. ಇಬ್ಬರು ಸಂಸದರಿದ್ದಾರೆ. ಈ ಮೂಲಸೌಕರ್ಯ ನಿಧಿಯಿಂದ ಯಾವ ವರ್ಷ ಹಳ್ಳಿ ರಸ್ತೆಗೆ ಎಷ್ಟು ಹೋಯಿತು, ಅದರಲ್ಲಿ ಬೆಳಗಾವಿ ಜಿಲ್ಲೆಗೆ ಎಷ್ಟು ಬಂತು ಎಂದು ಒಂದು ಲಿಖಿತ ಪ್ರಶ್ನೆ ಹಾಕಿದರೆ ಮಂತ್ರಿ ಉತ್ತರ ಕೊಡಲೇಬೇಕು. ಅದಕ್ಕೆ ಗದ್ದಲ ನಿಲ್ಲುವವರೆಗೆ ಕಾಯುವ ಕಾರಣವೂ ಇಲ್ಲ. ಲಿಖಿತ ಉತ್ತರ ಗದ್ದಲದ ದಿನವೂ ಸದನದ ಮೇಜಿನ ಮೇಲೆ ಬಂದು ಕೂಡುತ್ತದೆ.