ಸ್ಟಾರ್ಟ್ ಆದ್ರೆ ಸಾಕಾ?

ಕಳೆದ ಸೆಮ್‌ನಲ್ಲಿ ನಮ್ಮ ನಾಲ್ಕು ಜನರ ತಲೆಗೆ ಒಂದು ಐಡಿಯಾ ಹೊಕ್ಕಿತ್ತು. ಗುಜರಿಯಿಂದ ಹಳೇ ಮಾರುತಿ 800 ಎಂಜಿನ್ ತರೋದು, ದೋಣಿಗೆ ಕೂರಿಸೋದು, ಮಿನಿ ಪ್ರಾಜೆಕ್ಟ್ ಮುಗಿಸೋದು. ನಮ್ಮಲ್ಲೊಬ್ಬ ಗಂಗೊಳ್ಳಿಯವನು, ಅವನ ಮಾವನ ಹತ್ರ ದೋಣಿ ಇದೆ. ಎಂಜಿನ್ನೂ ಸಿಕ್ಕಿತು. ವರ್ಕ್‌ಶಾಪಲ್ಲಿ ಸ್ಟ್ಯಾಂಡ್ ಮೇಲಿಟ್ಟು ಸ್ಟಾರ್ಟ್ ಮಾಡಿ, ವಿಡಿಯೋ ತೆಗೆದು ಸ್ಟೇಟಸ್‌ಗೆ ಹಾಕಿದ್ವಿ. ಅರ್ಧ ಕೆಲಸ ಮುಗೀತು ಅಂದ್ಕೊಂಡ್ವಿ.

ರಜೆಯಲ್ಲಿ ಗಂಗೊಳ್ಳಿಗೆ ಹೋಗಿ ಮಾವನಿಗೆ ವಿಡಿಯೋ ತೋರಿಸಿದ್ವಿ. ಪೂರ್ತಿ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ರಸ್ತಿ ಮೇಲ್ ಕೆಟ್ರೆ ದೂಡ್ಲಕ್ಕ್. ಕಡ್ಲಗ್ ಕೆಟ್ರೆ ಯಾರ್ ದೂಡ್ತ್ರ್ ಮಕ್ಳೆ?”

ನಮ್ಮ ಹತ್ರ ಉತ್ತರ ಇರ್ಲಿಲ್ಲ.

ಹಾಗಂತ ಐಡಿಯಾನೇ ತಪ್ಪು ಅಂತಲ್ಲ. ರಸ್ತೆಗೆ ಅಂತ ಮಾಡಿದ ಎಂಜಿನ್ ನೀರಿಗಿಳಿದ ಕಥೆಗಳು ಬೇಕಾದಷ್ಟಿವೆ. ಫೋರ್ಡ್ ಕಂಪನಿಯ ಆರು ಸಿಲಿಂಡರ್ ಡೀಸೆಲ್ ಎಂಜಿನ್ ಅನ್ನು ಅಮೆರಿಕದ ಲೇಮನ್ ಕಂಪನಿ ದೋಣಿಗೆ ತಕ್ಕಂತೆ ಬದಲಾಯಿಸಿ ಮಾರಿತು. 120 ಎಚ್‌ಪಿಯ ಆ ಎಂಜಿನ್‌ಗಳಲ್ಲಿ ಎಷ್ಟೋ ಇವತ್ತಿಗೂ ಓಡ್ತಿವೆ. ಥಾಯ್ಲೆಂಡ್‌ನಲ್ಲಿ ಹಳೇ ಕಾರು, ಟ್ರಕ್ಕುಗಳ ಎಂಜಿನ್‌ಗೆ ಉದ್ದ ಶಾಫ್ಟ್ ಜೋಡಿಸಿ ದೋಣಿಯ ಹಿಂದೆ ಕೂರಿಸ್ತಾರೆ. ಅಂದ್ರೆ ಆಗತ್ತೆ. ಆದ್ರೆ ಎಂಜಿನ್ ಸ್ಟಾರ್ಟ್ ಮಾಡೋದು ಇದರಲ್ಲಿ ಅತಿ ಸುಲಭದ ಭಾಗ. ಉಳಿದ ಕೆಲಸವೆಲ್ಲ ಎಂಜಿನ್ನಿನ ಸುತ್ತ ಇದೆ.

ಮೊದಲನೇದು ಲೋಡ್. 796 ಸಿಸಿಯ ಆ ಎಂಜಿನ್ ಕೊಡೋದು ಸುಮಾರು 37 ಎಚ್‌ಪಿ. ಸಮತಟ್ಟು ರಸ್ತೆಯಲ್ಲಿ 60ರ ಸ್ಪೀಡಲ್ಲಿ ಹೋಗೋಕೆ ಎಷ್ಟು ಬೇಕು ಅಂತ ಲೆಕ್ಕ ಹಾಕಿದ್ವಿ, ಐದಾರು ಎಚ್‌ಪಿ ಬಂತು. ಕಾರಿನ ಎಂಜಿನ್ ತನ್ನ ಜೀವಮಾನದ ಬಹುಪಾಲು ಆರಾಮಾಗೇ ಇರತ್ತೆ. ದೋಣಿಯಲ್ಲಿ ಹಾಗಲ್ಲ. ಪ್ರೊಪೆಲ್ಲರ್ ಕೇಳೋ ಪವರ್ ಹೆಚ್ಚುಕಮ್ಮಿ ಆರ್‌ಪಿಎಂನ ಘನಕ್ಕೆ ತಕ್ಕಂತೆ ಏರತ್ತೆ. ಸ್ಪೀಡ್ ಎರಡು ಪಟ್ಟಾದ್ರೆ ಪವರ್ ಎಂಟು ಪಟ್ಟು. ನೀರಲ್ಲಿ ಇಳಿಜಾರಿಲ್ಲ, ನ್ಯೂಟ್ರಲ್‌ಗೆ ಹಾಕಿ ತೇಲಿಸ್ಕೊಂಡು ಹೋಗೋದೂ ಇಲ್ಲ. ಗಂಟೆಗಟ್ಟಲೆ ಘಾಟಿ ಹತ್ತಿದ ಹಾಗೆ.

ಎರಡನೇದು ನೀರು. ಕಾರಿಗೆ ರೇಡಿಯೇಟರ್ ಇದೆ, ಎದುರಿನ ಗಾಳಿ ಇದೆ. ದೋಣಿಯ ಒಳಗೆ ಆ ಗಾಳಿ ಇಲ್ಲ. ಸುತ್ತ ಇಷ್ಟೊಂದು ನೀರಿದೆಯಲ್ಲ, ಅದನ್ನೇ ಒಳಗೆ ಬಿಟ್ರಾಯ್ತು ಅಂತ ನಾವೂ ಅಂದ್ಕೊಂಡಿದ್ವಿ. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅದು ಅಲ್ಯೂಮಿನಿಯಂ ಹೆಡ್ ಅನ್ನು ತಿನ್ನತ್ತೆ, ಬಿಸಿಯಾದಲ್ಲಿ ಗಟ್ಟಿ ಪದರವಾಗಿ ಕೂತು ದಾರಿ ಮುಚ್ಚತ್ತೆ. ಅದಕ್ಕೇ ಒಳಗೆ ಕೂಲೆಂಟ್, ಹೊರಗೆ ಉಪ್ಪುನೀರು, ನಡುವೆ ಹೀಟ್ ಎಕ್ಸ್‌ಚೇಂಜರ್. ಜೊತೆಗೆ ತಾನು ಕರಗಿ ಉಳಿದ ಲೋಹ ಉಳಿಸೋಕೆ ಒಂದು ಸತುವಿನ ತುಂಡು. ಕೆಮಿಸ್ಟ್ರಿ ಪೇಪರಲ್ಲಿ ಐದು ಮಾರ್ಕಿಗೆ ಬರೆದ ‘ಸ್ಯಾಕ್ರಿಫಿಷಿಯಲ್ ಆನೋಡ್’ ಇದೇ ಗುರೂ!

ಮೂರನೇದು ನೂಕು. ಕಾರಿನ ಗೇರ್‌ಬಾಕ್ಸ್ ಚಕ್ರ ತಿರುಗಿಸತ್ತೆ ಅಷ್ಟೇ. ಪ್ರೊಪೆಲ್ಲರ್ ಇಡೀ ದೋಣಿಯನ್ನು ಶಾಫ್ಟ್ ಮೂಲಕವೇ ಮುಂದಕ್ಕೆ ನೂಕತ್ತೆ. ಅದನ್ನ ತಡೆಯೋಕೆ ಥ್ರಸ್ಟ್ ಬೇರಿಂಗ್ ಬೇಕು, ಸ್ಪೀಡ್ ಇಳಿಸೋಕೆ ರಿಡಕ್ಷನ್ ಗೇರ್ ಬೇಕು. ಇದ್ಯಾವುದೂ ನಮ್ಮ ಸ್ಟ್ಯಾಂಡ್ ಮೇಲೆ ಇರ್ಲಿಲ್ಲ.

ನಮ್ಮ ನಿದ್ದೆ ಕೆಡಿಸಿದ್ದು ನಾಲ್ಕನೇದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಕಾರಲ್ಲಿ ಸಣ್ಣ ಲೀಕ್ ಆದ್ರೆ ಆವಿ ಕೆಳಗಿಳಿದು ಗಾಳಿಗೆ ಹೋಗತ್ತೆ. ದೋಣಿಯ ತಳ ಒಂದು ಬೋಗುಣಿ ಇದ್ದ ಹಾಗೆ, ಆವಿ ಅಲ್ಲೇ ಕೂರತ್ತೆ. ಕಾರಿನ ಸ್ಟಾರ್ಟರ್ ಮೋಟಾರಿಂದ ಒಂದು ಕಿಡಿ ಹಾರಿದ್ರೆ ಸಾಕು. ದೋಣಿಗೆ ಅಂತಲೇ ಮಾಡಿದ ಸ್ಟಾರ್ಟರ್, ಆಲ್ಟರ್ನೇಟರ್‌ಗಳು ಕಿಡಿ ಹೊರಗೆ ಬರದ ಹಾಗೆ ಇರ್ತವೆ. ನೋಡೋಕೆ ಎರಡೂ ಒಂದೇ ಥರ. ನಾವು ತಂದಿದ್ದು ಗುಜರಿಯದ್ದು. ಅದನ್ನ ನಾವು ಇಡೋಕೆ ಹೊರಟಿದ್ದು ಮಾವ ಕೂರೋ ಜಾಗದ ಕೆಳಗೆ.

ನಮ್ಮ ತಕರಾರು ಇಲ್ಲೇ ಇರೋದು. ರಿವ್ಯೂ ದಿನ ಎಂಜಿನ್ ಐದು ನಿಮಿಷ ಓಡಿದ್ರೆ ನಮಗೆ ಫುಲ್ ಮಾರ್ಕ್ಸ್ ಬರ್ತಿತ್ತು. ಎರಡು ಗಂಟೆ ಓಡಿದ ಮೇಲೆ ಏನಾಗತ್ತೆ, ಎಲ್ಲಿ ಓಡತ್ತೆ, ಯಾರು ಕೂತಿರ್ತಾರೆ ಅಂತ ಯಾರೂ ಕೇಳ್ತಿರ್ಲಿಲ್ಲ. ನಾವೂ ಕೇಳ್ಕೊಂಡಿರ್ಲಿಲ್ಲ, ಹಾಗಾಗಿ ಬೇರೆಯವರನ್ನ ಬೈಯೋದ್ರಲ್ಲಿ ಅರ್ಥ ಇಲ್ಲ. ಪ್ರಶ್ನೆ ಬಂದಿದ್ದು ದಿನಾ ಆ ದೋಣೀಲಿ ಹೋಗಿ ಬರೋರಿಂದ. ಅವರನ್ನ ಕೇಳೋಕೆ ನಾವು ಹೋಗಿದ್ದು ಪ್ರಾಜೆಕ್ಟಿನ ಕೊನೆಗೆ, ಅದೂ ವಿಡಿಯೋ ತೋರಿಸೋಕೆ.

‘ಮಿನಿ ಪ್ರಾಜೆಕ್ಟಿಗೆ ಇಷ್ಟೆಲ್ಲಾ ಯಾಕೆ, ಬಜೆಟ್ ಎಲ್ಲಿದೆ’ ಅಂತ ಕೇಳಬಹುದು. ನ್ಯಾಯವಾದ ಮಾತು. ಹೀಟ್ ಎಕ್ಸ್‌ಚೇಂಜರ್, ಮರೀನ್ ಗೇರ್‌ಬಾಕ್ಸ್ ತಗೊಂಡ್ರೆ ಗುಜರಿ ಎಂಜಿನ್ನಿನ ಬೆಲೆ ಲೆಕ್ಕಕ್ಕೇ ಇಲ್ಲ. ಆದ್ರೆ ಅದನ್ನ ರಿಪೋರ್ಟಲ್ಲಿ ಬರೆಯೋಕೆ ಖರ್ಚಿಲ್ಲ. ‘ಇದು ಇಷ್ಟಕ್ಕೆ ಸರಿ, ಇಷ್ಟಕ್ಕೆ ಸರಿಯಲ್ಲ, ಇದನ್ನ ನೀರಿಗೆ ಇಳಿಸಬೇಡಿ’ ಅಂತ ಬರೆಯೋದೂ ಎಂಜಿನಿಯರಿಂಗೇ. ನಮ್ಮ ಪ್ರಕಾರ ಅದಕ್ಕೂ ಮಾರ್ಕ್ಸ್ ಇರಬೇಕು.

ನಾವು ದೋಣಿ ಕೈಬಿಟ್ವಿ. ಈ ಸೆಮ್‌ನಲ್ಲಿ ವರ್ಕ್‌ಶಾಪ್ ಹಿಂದೆ, ಗಾಳಿ ಆಡೋ ಕಡೆ, ಡ್ರಮ್ಮಲ್ಲಿ ಉಪ್ಪುನೀರು ತುಂಬಿ ಕೂಲಿಂಗ್ ಒಂದನ್ನೇ ಟೆಸ್ಟ್ ಮಾಡ್ತಿದ್ದೀವಿ. ಒಂದು ತಾಮ್ರದ ಪೈಪಿನ ಎಕ್ಸ್‌ಚೇಂಜರ್ ಮಾಡಿ ಅರ್ಧ ಗಂಟೆ ಓಡಿಸಿದ್ವಿ, ಬಿಸಿ ಏರ್ತಾನೇ ಇತ್ತು, ಆಫ್ ಮಾಡಿದ್ವಿ. ಸ್ಟೇಟಸ್‌ಗೆ ಹಾಕೋ ಅಂಥದ್ದೇನಲ್ಲ. ರೀಡಿಂಗ್ಸ್ ಮಾತ್ರ ಮಾವನಿಗೆ ಕಳಿಸಿದ್ದೀವಿ.

ಮುಂದಿನ ಸೆಮ್ ಪ್ರಾಜೆಕ್ಟ್ ಹುಡುಕ್ತಿರೋ ಜೂನಿಯರ್‌ಗಳೇ, ಎಂಜಿನ್ ತರೋಕೆ ಗುಜರಿಗೆ ಹೋಗಿ, ಬೇಡ ಅನ್ನಲ್ಲ. ಅದಕ್ಕೂ ಮುಂಚೆ ಒಂದ್ಸಲ ದೋಣಿಯವರ ಹತ್ರ ಹೋಗಿ ಬನ್ನಿ.