ಬೋರ್ಡು ಐದು, ಎಂಜಿನ್ ಒಂದೇ!

ನನ್ನದು ಅಚ್ಚಿನ ಕಸುಬು, ಓದಿದ್ದು ಪಿಯುಸಿ. ನಮ್ಮ ಪ್ರೆಸ್ಸಿನ ಹಳೆಯ ಕಂಪ್ಯೂಟರಿಗೆ ಇರುವುದು 4 ಜಿಬಿ ರ‍್ಯಾಮ್. ಅದರಲ್ಲಿ ಲಿನಕ್ಸ್ ಹಾಕಿ, ಸಿಕ್ಕ ಬ್ರೌಸರುಗಳನ್ನೆಲ್ಲ ಓಡಿಸಿ ನೋಡಿದ್ದೇನೆ.

ಕ್ರೋಮ್, ಬ್ರೇವ್, ವಿವಾಲ್ಡಿ, ಒಪೆರಾ, ಎಡ್ಜ್. ಬೋರ್ಡು ಐದು, ಒಳಗಿರುವುದು ಗೂಗಲ್ ಬೆಳೆಸಿದ ಕ್ರೋಮಿಯಂ ಒಂದೇ! ಒಪೆರಾ 2013ರಲ್ಲಿ, ಎಡ್ಜ್ 2020ರಲ್ಲಿ ಸ್ವಂತ ಎಂಜಿನ್ ಕೈಬಿಟ್ಟವು. ಹಗುರವೆನ್ನುವ ಫಾಲ್ಕನ್ನಿನ ಹೊಟ್ಟೆಯಲ್ಲೂ ಅದೇ. ವೇಗವಿದೆ, ಸುಳ್ಳು ಹೇಳಲಾರೆ. ಆದರೆ ಹತ್ತು ಟ್ಯಾಬ್ ತೆರೆದರೆ ನಮ್ಮ ಯಂತ್ರ ಏದುಸಿರು ಬಿಡುತ್ತದೆ.

ಡಿಲ್ಲೊ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ಆದರೆ ಅದಕ್ಕೆ ಜಾವಾಸ್ಕ್ರಿಪ್ಟ್ ಬಾರದು. ಬ್ಯಾಂಕು, ಟಿಕೆಟಿನ ಕೆಲಸ ಆಗದು. ವೆಬ್‌ಕಿಟ್ ಮೇಲೆ ನಡೆಯುವ ಗ್ನೋಮ್ ವೆಬ್ ಸರಳ, ಸವಲತ್ತು ಕಡಿಮೆ.

ಕೊನೆಗೆ ನಾನು ನಿಂತದ್ದು ಫೈರ್‌ಫಾಕ್ಸಿನಲ್ಲಿ. ಕೆಲವು ಪುಟಗಳಲ್ಲಿ ಕ್ರೋಮಿಗಿಂತ ನಿಧಾನ, ನಿಜ. ಆದರೆ ಕ್ರೋಮ್ ಹೊರಹಾಕಿದ ಯುಬ್ಲಾಕ್ ಒರಿಜಿನ್ ಇಲ್ಲಿ ನಡೆಯುತ್ತದೆ. ಜಾಹೀರಾತು ನಿಂತರೆ ಹಳೆಯ ಯಂತ್ರಕ್ಕೂ ಜೀವ ಬರುತ್ತದೆ! ಸ್ವಯಂಸೇವಕರು ಅನುವಾದಿಸಿದ ಕನ್ನಡ ಮೆನು ಇದೆ. ಗುಬ್ಬಿ, ನವಿಲು ಫಾಂಟು ಹಾಕಿಕೊಂಡರೆ ಒತ್ತಕ್ಷರವೂ ಅಚ್ಚುಕಟ್ಟು.

ಮೊಜಿಲ್ಲಾದ ಆದಾಯದ ದೊಡ್ಡ ಪಾಲು ಗೂಗಲ್ಲಿನದೇ ಎಂಬುದೂ ಗೊತ್ತು. ಆದರೂ ಊರಿನ ಪ್ರೆಸ್ಸುಗಳೆಲ್ಲ ಒಂದೇ ಫೌಂಡ್ರಿಯ ಮೊಳೆ ನಂಬಿದರೆ ಏನಾದೀತು? ನಾಳೆ ಅವನು ಒಂದು ಒತ್ತು ಎರಕ ಹೊಯ್ಯುವುದಿಲ್ಲವೆಂದರೆ ಯಾರನ್ನು ಕೇಳುತ್ತೀರಿ? ಎರಡನೆಯ ಫೌಂಡ್ರಿ ಬದುಕಿರಬೇಕು. ಅದು ಬದುಕುವುದು ಬಳಸುವವರಿಂದ. ಇಂದೇ ಹಾಕಿಕೊಳ್ಳಿ. ಮೆನುವಿನಲ್ಲಿ ತಪ್ಪು ಕನ್ನಡ ಕಂಡರೆ ಗೊಣಗಬೇಡಿ, ತಿದ್ದಿ ಕಳಿಸಿ!