ಹತ್ತು ಗಂಟೆಯ ಭೈರವಿ

ಪಂಚಾಕ್ಷರಿ ಗವಾಯಿಗಳು, ಅವರ ಬಳಿಕ 2010ರವರೆಗೆ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ, ಬಡವರ ಮಕ್ಕಳಿಗೆ ಹಾಡು ಕಲಿಸಿದ ಊರು ನಮ್ಮ ಗದಗು. ಇಲ್ಲಿಯ ಹಮಾಲನೂ ತಾಳ ತಪ್ಪಿದ್ದನ್ನು ಹಿಡಿಯುತ್ತಾನೆ. ಆದರೆ ಅವನ ಪಾಲಿಗೆ ಇಂದು ಉಳಿಯುವ ಹಾಡೆಷ್ಟು?

2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಅದರ ಮೇಲೆ ನಮಗೆ ಸಿಟ್ಟಿಲ್ಲ. ಬೆಳಗಿನ ಪಾಳಿಯವನಿಗೆ ನಿದ್ದೆ ಬೇಡವೆ? ನಮ್ಮ ತಕರಾರು ಬೇರೆ. 6ಕ್ಕೆ ಎಂದು ಕರಪತ್ರ ಹಂಚುವುದು, 7ಕ್ಕೆ ದೀಪ ಹಚ್ಚುವುದು, ಆಮೇಲೆ 9ರ ತನಕ ಹಾರ, ಶಾಲು, ಭಾಷಣ! ಗವಾಯಿಗಳು ತಂಬೂರಿ ಶ್ರುತಿ ಮಾಡಿಕೊಂಡು ಪರದೆಯ ಹಿಂದೆ ಕಾಯಬೇಕು. ಅಂಗಡಿಗೆ ಬೀಗ ಜಡಿದು ಓಡಿಬಂದ ಕಿರಾಣಿಯವನಿಗೆ ಸಿಗುವುದು ಗಡಿಬಿಡಿಯ ಒಂದು ಭೈರವಿ. ಮುಂದಿನ ಸೋಫಾದ ದೊಡ್ಡವರಂತೂ ತಮ್ಮ ಭಾಷಣ ಮುಗಿದೊಡನೆ ಎದ್ದು ಹೋಗಿರುತ್ತಾರೆ. ಖಾಲಿ ಸೋಫಾಗಳಷ್ಟೇ ಹಾಡು ಕೇಳುತ್ತವೆ.

ಸದ್ದು ಹೊರಗೆ ಹೋಗದ ಮುಚ್ಚಿದ ಭವನಕ್ಕೆ ಆ ನಿಯಮದಲ್ಲೇ ವಿನಾಯಿತಿ ಇದೆ. ಅಲ್ಲಿ ಜಮಖಾನ ಹಾಸಿ, ರಾತ್ರಿ 9ಕ್ಕೆ ಹಾಡನ್ನೇ ಆರಂಭಿಸಿರಿ. ಶಾಲು ಹೊದಿಸಿಕೊಳ್ಳುವವರು ಮಧ್ಯಾಹ್ನವೇ ಬಂದು ಹೊದಿಸಿಕೊಂಡು ಹೋಗಲಿ. ಎರಡನೆಯ ಪಾಳಿ ಬಿಟ್ಟು ಬರುವವರಿಗಾಗಿ ಬಾಗಿಲು ಮಾತ್ರ ತೆರೆದಿಡಿರಿ.